ಹೋಗಿಬರುವವರ ಊರು

ಬೆಳಗಿನ ಹೊತ್ತು ಶ್ರೀರಂಗಪಟ್ಟಣದ ರೈಲುನಿಲ್ದಾಣದಲ್ಲಿ ಸ್ವಲ್ಪ ಕಾಲ ನಿಂತರೆ ಎರಡು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಕೆಲವರು ರಂಗನಾಥಸ್ವಾಮಿಯ ದರ್ಶನಕ್ಕೋ ಕೋಟೆಯನ್ನು ನೋಡುವುದಕ್ಕೋ ದೂರದಿಂದ ಬಂದು ಗಾಡಿ ಇಳಿಯುವವರು. ಉಳಿದವರು ಈ ಊರಿನವರೇ. ಕೈಯಲ್ಲಿ ಊಟದ ಡಬ್ಬಿ, ಜೇಬಿನಲ್ಲಿ ತಿಂಗಳ ಪಾಸು. ಮೈಸೂರಿಗೋ ಮಂಡ್ಯಕ್ಕೋ ಕೆಲಸಕ್ಕೆ ಹೊರಟವರು. ಮೊದಲನೆಯವರು ನೋಡಲು ಬಂದ ಕೋಟೆಯ ವಿಷಯವಾಗಿ ಗ್ರಂಥಗಳೇ ಇವೆ. ದಿನವೂ ಹೋಗಿಬರುವ ಎರಡನೆಯವರ ಊರಿನ ಕಥೆಯನ್ನು ಕೇಳಿದವರು ಕಡಿಮೆ.

ಹೀಗೆ ಬೆಳಗ್ಗೆ ನಗರಕ್ಕೆ ಹೋಗಿ ಸಂಜೆ ಮನೆಗೆ ಮರಳುವವನಿಗೆ ಅಮೆರಿಕದಲ್ಲಿ ‘ಕಮ್ಯೂಟರ್’ ಎಂದು ಹೆಸರು. 1840ರ ದಶಕದಲ್ಲಿ ಅಲ್ಲಿನ ರೈಲು ಕಂಪೆನಿಗಳು ನಿತ್ಯ ಪ್ರಯಾಣಿಕರಿಗೆ ದರ ಇಳಿಸಿ ಸೀಸನ್ ಟಿಕೆಟ್ಟು ಕೊಡತೊಡಗಿದವು. ದರ ಇಳಿಸುವುದಕ್ಕೆ ಬಳಸಿದ ಮಾತೇ ಮುಂದೆ ಪ್ರಯಾಣಿಕನ ಹೆಸರಾಯಿತು. ಷಿಕಾಗೋ ನಗರದ ಹೊರಗೆ 1869ರಲ್ಲಿ ಓಲ್ಮ್‌ಸ್ಟೆಡ್ ಎಂಬ ಹೆಸರಾಂತ ಉದ್ಯಾನಶಿಲ್ಪಿ ತನ್ನ ಜೊತೆಗಾರನೊಡನೆ ರಿವರ್‌ಸೈಡ್ ಎಂಬ ಉಪನಗರದ ನಕ್ಷೆ ಹಾಕಿದ. ಹೊಳೆಯ ದಂಡೆ, ಬಾಗಿದ ಬೀದಿಗಳು, ಬೇಕಾದಷ್ಟು ಮರಗಳು, ಓಡಾಟಕ್ಕೆ ರೈಲು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ನ್ಯೂಯಾರ್ಕಿನ ಹೊರಗೆ ಆಲೂಗೆಡ್ಡೆ ಬೆಳೆಯುತ್ತಿದ್ದ ಹೊಲಗಳಲ್ಲಿ ಲೆವಿಟ್‌ಟೌನ್ ಎದ್ದಿತು. ಕೆಲವೇ ವರ್ಷಗಳಲ್ಲಿ ಅಲ್ಲಿ 17,000ಕ್ಕೂ ಹೆಚ್ಚು ಮನೆಗಳಾದವು. ಆದರೆ ಆ ಮನೆಗಳಲ್ಲಿ ಕರಿಯರು ವಾಸಿಸಕೂಡದೆಂಬ ಕರಾರು ಮೊದಲಲ್ಲಿ ಇತ್ತೆಂಬುದನ್ನೂ ಮರೆಯಬಾರದು. ಮನೆಗಳನ್ನು ಬೇಗ ಕಟ್ಟಬಹುದು. ಊರನ್ನು ಕಟ್ಟುವುದು ಬೇರೆ ಮಾತು.

ಅಮೆರಿಕದಲ್ಲಿ ಮೊದಲು ನಗರ, ಆಮೇಲೆ ಉಪನಗರ. ನಮ್ಮಲ್ಲಿಯಾದರೋ ರಾಜಧಾನಿಯೇ ಉಪನಗರವಾಯಿತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಂದಿನಿಂದ 1799ರವರೆಗೆ ಮೈಸೂರು ಸೀಮೆಯ ರಾಜಧಾನಿ ಇದೇ. ಸುಮಾರು ಹದಿನೈದು ಕಿಲೋಮೀಟರು ದೂರದ ಮೈಸೂರು ಆಗ ಇದರ ಮುಂದೆ ಸಣ್ಣ ಊರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಗಾದೆ ಊರುಗಳಿಗೂ ಸಲ್ಲುತ್ತದೆ.

ರಾಜಧಾನಿಯಾಗಿದ್ದಾಗ ಶ್ರೀರಂಗಪಟ್ಟಣಕ್ಕೇ ಒಂದು ಉಪನಗರವಿತ್ತು. ಅದೇ ಗಂಜಾಂ. ದ್ವೀಪದ ಪಡುವಣ ತುದಿಯಲ್ಲಿ ಕೋಟೆ. ಅದರ ಮೂಡಣಕ್ಕೆ ಟಿಪ್ಪು ಸುಲ್ತಾನನು ‘ಶಹರ್ ಗಂಜಾಂ’ ಎಂಬ ಪೇಟೆಯನ್ನು ಕಟ್ಟಿಸಿದನು. ಪೇಟೆಯಾದ ಮೇಲೆ ಜನ ಬೇಕಲ್ಲವೆ? ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತರಲಾಯಿತೆಂದು ಗ್ಯಾಸೆಟಿಯರು ಹೇಳುತ್ತದೆ. ಒಂದು ಊರನ್ನು ಬರಿದುಮಾಡಿ ಇನ್ನೊಂದನ್ನು ತುಂಬಿದ್ದಾಯಿತು. ಮನೆ, ಹಿತ್ತಿಲು, ನೆರೆಹೊರೆ ಎಲ್ಲವನ್ನೂ ಬಿಟ್ಟು ನಡೆದುಬಂದವರ ಸಂಕಟ ಎಷ್ಟೆಂಬುದನ್ನು ನಾವು ಊಹಿಸಬೇಕಷ್ಟೆ.

ಅಪ್ಪಣೆಯಿಂದ ಎದ್ದ ಪೇಟೆ ಬಹುಕಾಲ ನೆಮ್ಮದಿಯಾಗಿರಲಿಲ್ಲ. 1792ರಲ್ಲಿ ಕಾರ್ನ್‌ವಾಲಿಸನ ಸೈನ್ಯ ದ್ವೀಪದ ಮೂಡಣ ಭಾಗಕ್ಕೆ ನುಗ್ಗಿ ಗಂಜಾಮನ್ನು ಹಿಡಿಯಿತು. ಪಕ್ಕದ ಲಾಲ್‌ಬಾಗಿನ ಮರಗಳು ಮುತ್ತಿಗೆಯ ಕೆಲಸಕ್ಕಾಗಿ ಕೊಡಲಿಗೆ ಬಿದ್ದವು. ಏಳು ವರ್ಷಗಳ ಬಳಿಕ ಕೋಟೆಯೂ ಬಿತ್ತು. ರಾಜಧಾನಿ ಮೈಸೂರಿಗೆ ಹೋಯಿತು. ಅದರ ಬೆನ್ನ ಹಿಂದೆಯೇ ಅಧಿಕಾರಿಗಳು, ವರ್ತಕರು, ಕುಶಲಕರ್ಮಿಗಳು ಹೋದರು. 1800ರಲ್ಲಿ ಇಲ್ಲಿಗೆ ಬಂದ ಬುಕಾನನ್, ಕೋಟೆಯೊಳಗೆ 4,163, ಗಂಜಾಮಿನಲ್ಲಿ 2,216 ಮನೆಗಳ ಲೆಕ್ಕ ಕೊಟ್ಟಿದ್ದಾನೆ. ಆಮೇಲೆ ಚಳಿಜ್ವರದ ಕಾಟಕ್ಕೆ ಇಂಗ್ಲಿಷರ ದಂಡೂ ಬೆಂಗಳೂರಿಗೆ ಕಾಲುತೆಗೆಯಿತು. 1901ರ ಜನಗಣತಿಯ ಹೊತ್ತಿಗೆ ಶ್ರೀರಂಗಪಟ್ಟಣದಲ್ಲಿ ಉಳಿದವರು 8,584 ಜನ. ಲಾಲ್‌ಬಾಗಿನ ಅರಮನೆಯ ತೊಲೆಗಳು ಕೂಡ ಇಲ್ಲಿ ನಿಲ್ಲಲಿಲ್ಲ. ಘಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋದವು.

ಆದರೂ ಗಂಜಾಂ ಅಳಿಯಲಿಲ್ಲ. ಅರಸರು ಹೋದರೂ ಹೊಳೆ ಹೋಗಲಿಲ್ಲ, ಹೊಲ ಹೋಗಲಿಲ್ಲ. ಬಂಗಾರದೊಡ್ಡಿ ನಾಲೆಯ ನೀರು ಹೊಳೆಯನ್ನೇ ದಾಟಿ ದ್ವೀಪದ ಗದ್ದೆಗಳಿಗೆ ಬರುತ್ತಿತ್ತು. ಗಂಜಾಮಿನ ಅಂಜೂರ ಸುತ್ತಲ ಸೀಮೆಯಲ್ಲಿ ಹೆಸರು ಪಡೆಯಿತು. ದಂಡೆಯ ಮೇಲೆ ನಿಮಿಷಾಂಬಾ ದೇವಿಯ ಗುಡಿ. ಸ್ವಲ್ಪ ದೂರದಲ್ಲಿ ಹೈದರ್ ಮತ್ತು ಟಿಪ್ಪು ಮಲಗಿರುವ ಗುಂಬಜ್. ಇತ್ತ ಫ್ರೆಂಚ್ ಪಾದ್ರಿ ಆಬೆ ದುಬೊವಾ ಹೆಸರಿನ ಹಳೆಯ ಚರ್ಚು. ಸಿಡುಬಿನ ಲಸಿಕೆಯನ್ನು ಮೈಸೂರು ಸೀಮೆಯಲ್ಲಿ ಹರಡಲು ಶ್ರಮಿಸಿದ ಪಾದ್ರಿ ಇವನೇ. ಯಾರು ಬರಬೇಕು, ಯಾರು ಬರಬಾರದು ಎಂದು ಕರಾರು ಬರೆದು ಕಟ್ಟಿದ ಊರಲ್ಲ ಇದು. ಒತ್ತಾಯದಿಂದ ಬಂದವರು, ಭಕ್ತಿಯಿಂದ ಬಂದವರು, ಸೋತ ಮೇಲೂ ಉಳಿದವರು, ಎಲ್ಲರೂ ಒಂದೇ ಹೊಳೆಯ ನೀರು ಕುಡಿದು ನೆರೆಹೊರೆಯವರಾದರು.

ಬೆಂಗಳೂರಿನ ರೈಲು 1882ರಲ್ಲಿ ಮೈಸೂರನ್ನು ಮುಟ್ಟಿತು. ಅದರ ಹಿಂದಿನ ವರ್ಷವಷ್ಟೇ ಇಂಗ್ಲಿಷರು ಈ ದ್ವೀಪವನ್ನು ಮೈಸೂರು ಸಂಸ್ಥಾನಕ್ಕೆ ಬಿಟ್ಟುಕೊಟ್ಟಿದ್ದರು. ಯಾವ ಕೋಟೆಯನ್ನು ದಾಟಲು ಸೈನ್ಯಗಳು ತಿಂಗಳುಗಟ್ಟಲೆ ಹೆಣಗಿದ್ದವೋ ಅದೇ ಕೋಟೆಯ ನಡುವೆ ಹಳಿ ಹಾದುಹೋಯಿತು. ಹಳಿ ಇಬ್ಬಗೆಯಾಗಬೇಕಾದಾಗ ದಾರಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಆಯುಧಾಗಾರವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಸುಮಾರು 130 ಮೀಟರು ಆಚೆಗೆ ಸರಿಸಿ ನಿಲ್ಲಿಸಿದರು. ಹಳೆಯದೂ ಉಳಿಯಿತು, ಗಾಡಿಗೂ ದಾರಿಯಾಯಿತು. ಮನಸ್ಸಿದ್ದರೆ ಎರಡೂ ಸಾಧ್ಯ ಎಂಬುದಕ್ಕೆ ಇದೊಂದು ನಿದರ್ಶನ.

ನೆರೆಯ ತಾಲ್ಲೂಕುಗಳಿಗೂ ರೈಲಿನ ನಂಟುಂಟು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಅಲ್ಲಿ ಬೀಡುಬಿಟ್ಟಿದ್ದರಿಂದ ಬಂದ ಹೆಸರು ಅದು. ಆ ತಾಲ್ಲೂಕಿನವರು ಹತ್ತುವುದೂ ಇದೇ ಮೈಸೂರು ಗಾಡಿಯನ್ನೇ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಮಂದಗೆರೆಯ ಕಡೆಯವರಿಗೆ ಮೈಸೂರು–ಅರಸೀಕೆರೆ ಹಾದಿ ಇದೆ. ನಾಗಮಂಗಲ ಬಹುಕಾಲ ಬಸ್ಸನ್ನೇ ನಂಬಿತ್ತು. 2017ರಲ್ಲಿ ಬೆಂಗಳೂರು–ಹಾಸನ ನೇರ ಹಾದಿ ತೆರೆದ ಮೇಲೆ ಆ ತಾಲ್ಲೂಕಿನ ಬಡಗಣ ಭಾಗಕ್ಕೂ ರೈಲಿನ ಕೂಗು ಕೇಳಿತು.

ಇನ್ನು ರಸ್ತೆಯ ವಿಚಾರ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದು ಶ್ರೀರಂಗಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಆ ವರ್ಷದ ಆಗಸ್ಟಿನಲ್ಲಿ ಅದರ ಮುಖ್ಯ ಹಾದಿಯಲ್ಲಿ ಬೈಕು, ಆಟೋಗಳ ಸಂಚಾರವನ್ನು ನಿಷೇಧಿಸಲಾಯಿತು. ದೂರದವರ ಕಾರು ಊರನ್ನು ನೋಡದೆಯೇ ಮುಂದೆ ಸಾಗುತ್ತದೆ. ಊರಿನವನ ಬೈಕು ಪಕ್ಕದ ರಸ್ತೆಯಲ್ಲಿ ಉಳಿಯುತ್ತದೆ. ಮೈಸೂರು ಬೆಳೆದಂತೆಲ್ಲ ನಾಲೆಯ ನೀರುಂಡ ಗದ್ದೆಗಳ ನಡುವೆ ನಿವೇಶನದ ಕಲ್ಲುಗಳು ಏಳುತ್ತವೆ. ಕಬ್ಬು, ಭತ್ತ ಬೆಳೆದ ನೆಲದಲ್ಲಿ ಒಮ್ಮೆ ಮನೆ ಬಂದರೆ ಗದ್ದೆ ಮತ್ತೆ ಬರುವುದಿಲ್ಲ. ದ್ವೀಪವಂತೂ ಹಿಗ್ಗುವ ನೆಲವಲ್ಲ. ಅದರ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕಲ್ಲಿನ ಕಟ್ಟಡಗಳನ್ನು ಕಾಯುವ ಕಾನೂನುಂಟು. ನೆರೆಹೊರೆಯನ್ನು ಕಾಯುವ ಕಾನೂನಿಲ್ಲ.

ಹಾಗಾದರೆ ಹೋಗಿಬರುವವರ ಊರು ಬರಿಯ ಮಲಗುವ ಊರಾಗದಂತೆ ನೋಡಿಕೊಳ್ಳುವುದು ಹೇಗೆ? ಉತ್ತರ ಇಲ್ಲಿಯ ವರ್ಷದ ನಡೆಯಲ್ಲೇ ಇದೆ. ರಥಸಪ್ತಮಿಗೆ ರಂಗನಾಥನ ತೇರು ಎಳೆಯಲು ಕೈಗಳು ಬೇಕು. ರಾಜ ಒಡೆಯರು ಇಲ್ಲಿ ಆರಂಭಿಸಿದ ದಸರೆಯನ್ನು ಊರು ಮತ್ತೆ ಆಚರಿಸುತ್ತಿದೆ. ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಹೊರಟಾಗ ಬೀದಿಯ ಎರಡೂ ಬದಿ ತುಂಬುವವರು ಇದೇ ಪಾಸಿನ ಪ್ರಯಾಣಿಕರು, ಅವರ ಮನೆಮಂದಿ. ಆ ದಿನ ಅವರಾರೂ ಗಾಡಿ ಹತ್ತುವುದಿಲ್ಲ.

ಅಪ್ಪಣೆಯಿಂದ ಗಂಜಾಂ ಪೇಟೆಯಾಯಿತು. ಜನರು ಅಲ್ಲಿ ಬೇರು ಬಿಟ್ಟದ್ದರಿಂದ ಊರಾಗಿ ಉಳಿಯಿತು. ಇಂದು ಹೊಸ ಬಡಾವಣೆಗೆ ಬಂದು ನೆಲಸುವ ಸಂಸಾರಕ್ಕೂ ಅದೇ ಮಾತು. ನಗರದಿಂದ ಸಂಬಳ ಬರಲಿ, ಸಂತೋಷ. ಆದರೆ ಸಂಜೆ ಗಾಡಿ ಇಳಿದವರನ್ನು ‘ಈಗ ಬಂದಿರಾ?’ ಎಂದು ಕೇಳುವ ಒಬ್ಬ ನೆರೆಯವನು ಬೀದಿಯಲ್ಲಿರಬೇಕು. ಆ ಮಾತು ಕೇಳಿಸುವವರೆಗೆ ಶ್ರೀರಂಗಪಟ್ಟಣ ಮೈಸೂರಿನ ಹೊರಬಡಾವಣೆಯಲ್ಲ, ತನ್ನದೇ ಆದ ಊರು.