ಸರಕು ತಲುಪಿದರೆ ಕೆಲಸ ಮುಗಿಯಿತೆ?
ಹೊಸೂರಿನ ಸಣ್ಣ ಘಟಕಗಳು ಅರಿತಿರಬೇಕಾದ ಖರೀದಿ ಮತ್ತು ಮುಕ್ತಾಯದ ನಿಯಮಗಳು

ಹೊಸೂರಿನ ಕೈಗಾರಿಕಾ ಜೀವನಕ್ಕೆ ಈಗ ಅರ್ಧ ಶತಮಾನದ ವಯಸ್ಸು. 1970ರ ದಶಕದಲ್ಲಿ ಸಿಪ್ಕಾಟ್ ಇಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿತು. 1980ರ ಹೊತ್ತಿಗೆ ಟಿವಿಎಸ್ ಮತ್ತು ಅಶೋಕ್ ಲೇಲ್ಯಾಂಡ್, ಅನಂತರ ಟೈಟಾನ್ ಸಂಸ್ಥೆಗಳು ನೆಲೆಯೂರಿದವು. ಅವುಗಳ ಆಶ್ರಯದಲ್ಲಿ ಲೇತ್, ಪ್ರೆಸ್, ಅಚ್ಚು ತಯಾರಿಕೆಯ ಸಣ್ಣ ಘಟಕಗಳು ಬೆಳೆದವು. ಈ ಭಾಗದ ಕನ್ನಡ ಕುಟುಂಬಗಳಲ್ಲಿ ಇಂಥ ಘಟಕಗಳಲ್ಲಿ ದುಡಿಯುವವರಿದ್ದಾರೆ, ಸ್ವತಃ ನಡೆಸುವವರೂ ಇದ್ದಾರೆ.

ಸಣ್ಣ ಘಟಕಕ್ಕೆ ಒಂದು ದೊಡ್ಡ ಆರ್ಡರ್ ಬರುವುದೆಂದರೆ ಹಬ್ಬವೂ ಹೌದು, ಅಗ್ನಿಪರೀಕ್ಷೆಯೂ ಹೌದು. ಉಕ್ಕು ಕೊಳ್ಳಲು ಮನೆಯ ಒಡವೆ ಅಡವಿಗೆ ಹೋಗುತ್ತದೆ. ಸರಕು ಹೋದರೂ ಹಣ ಬಾರದಿದ್ದರೆ ಮೊದಲು ನಿಲ್ಲುವುದು ಕಾರ್ಮಿಕರ ಸಂಬಳ, ಅನಂತರ ಮಕ್ಕಳ ಶುಲ್ಕ. ಆದ್ದರಿಂದ ಖರೀದಿಯ ಯೋಜನೆ ಸರಕು ಒಪ್ಪಿಸಬೇಕಾದ ದಿನದಿಂದ ಹಿಂದಕ್ಕೆ ಎಣಿಸುತ್ತ ಸಾಗಬೇಕು. ತಪಾಸಣೆಗೆ ಎಷ್ಟು ದಿನ, ತಯಾರಿಕೆಗೆ ಎಷ್ಟು, ಕಚ್ಚಾವಸ್ತು ಬರಲು ಎಷ್ಟು ಎಂದು ಬರೆದಿಟ್ಟರೆ ಉಕ್ಕನ್ನು ಎಂದು ಕೊಳ್ಳಬೇಕು, ಎಷ್ಟು ಮುಂಗಡ ಕೇಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಎರಡು ಮೂರು ಕಡೆಯ ದರಪಟ್ಟಿ ಪಡೆಯುವುದು ವ್ಯಾಪಾರದ ಹಳೆಯ ವಿವೇಕ.

ಬಾಯಿಮಾತಿನ ಒಪ್ಪಂದವನ್ನು 1872ರ ಕರಾರು ಕಾಯ್ದೆ ನಿರಾಕರಿಸುವುದಿಲ್ಲ, ಅದನ್ನು ರುಜುವಾತುಪಡಿಸುವುದೇ ಕಷ್ಟ. ಖರೀದಿ ಆದೇಶದಲ್ಲಿ ನಕ್ಷೆಯ ತಿದ್ದುಪಡಿ ಸಂಖ್ಯೆ, ಪ್ರಮಾಣ, ದರ, ಪಾವತಿಯ ಅವಧಿ, ಅಚ್ಚು ಯಾರ ಸ್ವತ್ತು ಎಂಬುದು ಸ್ಪಷ್ಟವಾಗಿರಬೇಕು. ನಡುವೆ ನಕ್ಷೆ ಬದಲಾದರೆ ದರವನ್ನೂ ದಿನವನ್ನೂ ಹೊಸದಾಗಿ ಬರೆಸಿಕೊಳ್ಳಬೇಕು.

ಕಿರು ಮತ್ತು ಸಣ್ಣ ಪೂರೈಕೆದಾರರ ಬೆನ್ನಿಗೆ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ನಿಂತಿದೆ. ಲಿಖಿತ ಒಪ್ಪಂದವಿದ್ದರೂ ಸರಕನ್ನು ಅಂಗೀಕರಿಸಿದ ದಿನದಿಂದ 45 ದಿನ ಮೀರಿ ಪಾವತಿಯನ್ನು ಮುಂದೂಡುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಅವಧಿ 15 ದಿನ. ಸರಕು ತಲುಪಿದ 15 ದಿನದೊಳಗೆ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ತಲುಪಿದ ದಿನವೇ ಅಂಗೀಕಾರದ ದಿನ. ಆದ್ದರಿಂದ ಮೊಹರು, ಸಹಿ, ದಿನಾಂಕವುಳ್ಳ ಡೆಲಿವರಿ ಚಲನ್ ಚಿನ್ನಕ್ಕೆ ಸಮ.

ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ 5 ಲಕ್ಷ ರೂಪಾಯಿಯ ಬಾಕಿಗೆ ಒಂದು ವರ್ಷದಲ್ಲಿ ಸುಮಾರು 98 ಸಾವಿರ ಬಡ್ಡಿಯಾಗುತ್ತದೆ. ಪಾವತಿಯಾಗದಿದ್ದರೆ ಸೌಲಭ್ಯ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಅಲ್ಲಿ ಮೊದಲು ಸಂಧಾನ, ಫಲಿಸದಿದ್ದರೆ ಮಧ್ಯಸ್ಥಿಕೆ. ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಅದರ ಶೇ. 75ರಷ್ಟು ಮೊತ್ತವನ್ನು ಮೊದಲು ಠೇವಣಿ ಇಡಬೇಕು.

ಈ ರಕ್ಷಣೆಯ ಹೆಬ್ಬಾಗಿಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದಕ್ಕೆ ಶುಲ್ಕವಿಲ್ಲ. ನೋಂದಣಿಗೆ ಮುನ್ನ ನಡೆದ ಪೂರೈಕೆಗೆ ಕಾಯ್ದೆಯ ಪ್ರಯೋಜನ ದೊರೆಯದೆಂದು 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಶ್ನೆ ಅದೇ ನ್ಯಾಯಾಲಯದಲ್ಲಿ ಮತ್ತೆ ಚರ್ಚೆಗೆ ಬಂದಿದ್ದರೂ ಆರ್ಡರ್ ಪಡೆಯುವ ಮುನ್ನವೇ ನೋಂದಾಯಿಸುವುದು ಕ್ಷೇಮ. ಕೃಷ್ಣಗಿರಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮಾರ್ಗದರ್ಶನ ಕೋರಬಹುದು.

ಕೊನೆಯ ಲಾರಿ ಹೊರಟ ದಿನವೇ ಯೋಜನೆ ಮುಗಿಯುವುದಿಲ್ಲ. ಕೂಲಿ ಕೆಲಸಕ್ಕೆ ಬಂದ ವಸ್ತು, ಉಳಿಕೆ, ತುಂಡು-ಚೂರುಗಳ ಲೆಕ್ಕ ಹೊಂದಬೇಕು. ಜಿಎಸ್‌ಟಿ ನಿಯಮದಂತೆ ಹೀಗೆ ಕಳುಹಿಸಿದ ವಸ್ತು ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳಬೇಕು. ಗ್ರಾಹಕರ ಅಚ್ಚುಗಳನ್ನು ರಸೀದಿ ಪಡೆದು ಹಿಂದಿರುಗಿಸಬೇಕು. ತಡೆಹಿಡಿದ ಹಣ ಮತ್ತು ಬ್ಯಾಂಕ್ ಖಾತರಿಯನ್ನು ಕೇಳಿ ಪಡೆಯಬೇಕು. ಪೂರ್ತಿ ಹಣ ಕೈಸೇರುವ ಮುನ್ನ ‘ಬಾಕಿ ಇಲ್ಲ’ ಎಂಬ ಪತ್ರಕ್ಕೆ ಸಹಿ ಹಾಕಬಾರದು. ಬಾಕಿಯ ದಾವೆಗೆ ಸಾಮಾನ್ಯ ಕಾಲಮಿತಿ ಮೂರು ವರ್ಷ. ‘ಮುಂದಿನ ತಿಂಗಳು’ ಎಂಬ ಮಾತನ್ನು ನಂಬಿ ಕುಳಿತರೆ ಅದು ಸದ್ದಿಲ್ಲದೆ ಕಳೆಯುತ್ತದೆ. ಖರೀದಿದಾರ ಸಹಿ ಮಾಡಿದ ಬಾಕಿ ಒಪ್ಪಿಗೆ ಪತ್ರವನ್ನು ಆ ಅವಧಿಯೊಳಗೆ ಪಡೆದರೆ ಎಣಿಕೆ ಹೊಸದಾಗಿ ಆರಂಭವಾಗುತ್ತದೆ.

ಆದೇಶ, ಚಲನ್, ಬಿಲ್ಲು, ಪತ್ರವ್ಯವಹಾರ ಇವಿಷ್ಟನ್ನೂ ಒಂದೇ ಕಡತದಲ್ಲಿ ಜೋಡಿಸಿಡುವ ಕೆಲಸಕ್ಕೆ ಹೆಚ್ಚಿನ ಓದು ಬೇಕಿಲ್ಲ. ಹತ್ತನೆಯ ತರಗತಿಯ ಮಗಳೂ ಮನೆಯಲ್ಲಿ ಅದನ್ನು ಮಾಡಬಲ್ಲಳು.