ಕಂಡರಿಸುವ ಕೈ, ಎಣಿಸುವ ಯಂತ್ರ

ಹಳೆಯ ಶಾಸನಗಳನ್ನು ಓದಿದವರಿಗೆ ‘ಕಂಡರಿಸು’ ಎಂಬ ಕ್ರಿಯಾಪದದ ಪರಿಚಯವಿದ್ದೇ ಇರುತ್ತದೆ. ಕಲ್ಲಿನ ಮೇಲೆ ಉಳಿಯಿಂದ ಅಕ್ಷರ ಕೊರೆಯುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಅದು. ಎಷ್ಟೋ ಶಾಸನಗಳ ಕೊನೆಯಲ್ಲಿ ಪದ್ಯ ಕಟ್ಟಿದ ಕವಿಯ ಹೆಸರಿನ ಜೊತೆಗೆ, ಅದನ್ನು ಕಂಡರಿಸಿದ ರೂವಾರಿಯ ಹೆಸರೂ ಬರುವುದುಂಟು. ಬಿ. ಎಲ್. ರೈಸರು ನಮ್ಮ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿಯೂ ಜಗಳೂರಿನವನ್ನು ಮರುವರ್ಷ ಹನ್ನೊಂದನೆಯ ಸಂಪುಟದಲ್ಲಿಯೂ ಅಚ್ಚು ಹಾಕಿಸಿದರು. ಆಗ ಮೊದಲೆರಡು ಶಿವಮೊಗ್ಗೆಗೆ ಸೇರಿದ್ದುವು, ಜಗಳೂರು ಚಿತ್ರದುರ್ಗಕ್ಕೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಮೂರೂ ಒಂದೇ ಸೂರಿನಡಿಗೆ ಬಂದುವು. ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿ 2018ರಲ್ಲಷ್ಟೇ ತಾಲ್ಲೂಕಾಯಿತು.

ಈ ಸಂಪುಟಗಳನ್ನು ನಾನು ತಿರುವಿಹಾಕಿದ್ದು ಇತಿಹಾಸದ ಹಂಬಲದಿಂದಲ್ಲ. ನಾನು ಚನ್ನಗಿರಿಯಲ್ಲಿರುವ ಒಬ್ಬ ಗಣಿತದ ಉಪಾಧ್ಯಾಯ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಪುಟ್ಟ ಕೊರೆಯುವ ಯಂತ್ರವನ್ನು ಜೋಡಿಸಿಟ್ಟುಕೊಂಡು, ಅದಕ್ಕೆ ಕನ್ನಡದ ಅಕ್ಷರಗಳನ್ನು ಕಲಿಸುವ ತಂತ್ರಾಂಶವೊಂದನ್ನು ಬಿಡುವಿನಲ್ಲಿ ಬರೆಯುತ್ತ ಬಂದಿದ್ದೇನೆ. ಕಂಡರಿಸುವುದು ಎಂದರೆ ಏನೆಂಬುದನ್ನು ಮೊದಲು ತಿಳಿಯಬೇಕಾಯಿತು.

ಈ ಬಗೆಯ ಯಂತ್ರ ಈಗ ಅಪೂರ್ವವೇನಲ್ಲ. ನಮ್ಮ ಕಡೆಯ ಯಾವ ಊರಿಗೆ ಹೋದರೂ ಮರದ ಅಡ್ಡೆಯ ಆಸುಪಾಸಿನಲ್ಲಿ ‘ಸಿ.ಎನ್.ಸಿ. ಕಟಿಂಗ್ ಮಾಡಿಕೊಡಲಾಗುವುದು’ ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಮೇಜಿನಂಥ ಚೌಕಟ್ಟು, ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೇಲೆ-ಕೆಳಗೆ ಚಲಿಸುವ ಮೂರು ಸ್ಕ್ರೂಗಳು, ತುದಿಯಲ್ಲಿ ಗಿರ್ರನೆ ತಿರುಗುವ ಬಿಟ್ಟು. ನನ್ನ ಯಂತ್ರದ ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಒಂದೊಂದು ಹೆಜ್ಜೆಯನ್ನೂ ವಿದ್ಯುತ್ತಿನ ಹದದಿಂದ ಎಂಟಾಗಿ ಸೀಳಬಹುದು. ಒಂದು ಸುತ್ತಿಗೆ ಸ್ಕ್ರೂ 8 ಮಿಲಿಮೀಟರ್ ಮುಂದೆ ಸರಿಯುವುದರಿಂದ, ಒಂದು ಮಿಲಿಮೀಟರಿಗೆ 200 ಹೆಜ್ಜೆಗಳಾದುವು. ಅಷ್ಟು ನಯವಾದ ಕೈ ಯಾವ ರೂವಾರಿಗೂ ಇದ್ದಿರಲಾರದು. ಆದರೆ ಆ ಕೈಗೆ ಯಾವ ಅಕ್ಷರವೂ ಗೊತ್ತಿಲ್ಲ. ಇಂತಿಷ್ಟು ಸರಿ, ಇಂತಿಷ್ಟು ಇಳಿ ಎಂಬ ಅಪ್ಪಣೆಗಳನ್ನು ಒಂದರ ಕೆಳಗೊಂದು ಬರೆದು ಕೊಟ್ಟರೆ ಅದು ಪಾಲಿಸುತ್ತದೆ. ಆ ಅಪ್ಪಣೆಯ ಪಟ್ಟಿಯನ್ನು ಸಿದ್ಧಪಡಿಸುವುದೇ ವಿನ್ಯಾಸದ ತಂತ್ರಾಂಶದ ಕೆಲಸ. ಅಂಥ ತಂತ್ರಾಂಶಗಳು ಪೇಟೆಯಲ್ಲಿ ಬೇಕಾದಷ್ಟಿವೆ. ಹಾಗಿದ್ದೂ ನಾನೇಕೆ ಬರೆಯಹೊರಟೆ ಎಂದರೆ, ಅದಕ್ಕೆ ನ್ಯಾಮತಿಯ ಒಂದು ಹಲಗೆ ಕಾರಣ.

ನ್ಯಾಮತಿಯ ವ್ಯಾಪಾರಸ್ಥರೊಬ್ಬರು ಹೊಸ ಮನೆ ಕಟ್ಟಿಸಿ, ಅದಕ್ಕೆ ತೀರಿಕೊಂಡ ತಂದೆಯ ಹೆಸರಿಡಬೇಕೆಂದು ಒಳ್ಳೆಯ ಸಾಗುವಾನಿಯ ಹಲಗೆಯನ್ನು ಒಂದು ಅಂಗಡಿಗೆ ಕೊಟ್ಟಿದ್ದರು. ಹೆಸರಿನಲ್ಲಿ ಒಂದು ಒತ್ತಕ್ಷರವಿತ್ತು, ಒಂದು ಅರ್ಕಾವೊತ್ತೂ ಇತ್ತು. ಹಲಗೆ ಬಂದಾಗ ನೋಡಿದರೆ ಒತ್ತು ತನ್ನ ಅಕ್ಷರದ ಅಡಿಯಿಂದ ಜಾರಿ ಪಕ್ಕದಲ್ಲಿ ಕುಳಿತಿತ್ತು. ಅರ್ಕಾವೊತ್ತಿನ ಜಾಗದಲ್ಲಿ ಒಂಟಿ ‘ರ್’ ನಿಂತಿತ್ತು. ‘ಕನ್ನಡದಾಗ ಸರಿ ಬರಂಗಿಲ್ಲಂತ್ರಿ ಮೇಷ್ಟ್ರೇ, ಇಂಗ್ಲಿಷ್‌ನ್ಯಾಗ ಮಾಡಿಸ್ರಿ, ಚಂದ ಬರ್ತೈತಿ ಅಂದ್ರು’ ಎಂದು ಅವರು ಹಲಗೆಯನ್ನು ನನ್ನ ಮುಂದಿಟ್ಟರು. ಅವರ ತಾಯಿ ಒಳಗಿನಿಂದಲೇ, ‘ಅವರು ಒಂದಿನಾನೂ ಇಂಗ್ಲಿಷ್‌ನ್ಯಾಗ ಸೈ ಹಾಕಿದೋರಲ್ಲ’ ಎಂದರು. ಆ ಮಾತಿನ ಮೇಲೆ ಚರ್ಚೆ ಮುಂದುವರಿಯಲಿಲ್ಲ.

ಇದು ಒಬ್ಬರ ಮನೆಯ ಕಥೆಯಲ್ಲ. ಯಂತ್ರಕ್ಕೆ ಬಾರದ ಅಕ್ಷರವನ್ನು ಬಿಟ್ಟುಕೊಡುವುದು ನಮಗೆ ಬಲು ಬೇಗ ಅಭ್ಯಾಸವಾಗಿಬಿಡುತ್ತದೆ. ಮೊದಲು ಮನೆಯ ಹೆಸರು, ಆಮೇಲೆ ಅಂಗಡಿಯದು, ಆಮೇಲೆ ಊರಿನದು.

ತೊಡಕು ಎಲ್ಲಿದೆಯೆಂಬುದನ್ನು ಹೇಳಬೇಕು. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದು ಅಕ್ಷರ. ಗಣಕಯಂತ್ರದ ಸ್ಮೃತಿಯಲ್ಲಿ ಯೂನಿಕೋಡಿನ ಪ್ರಕಾರ ಅದು ಆರು ಸಂಕೇತಗಳ ಸಾಲು: ಸಕಾರ, ಹಲಂತ, ತಕಾರ, ಮತ್ತೊಂದು ಹಲಂತ, ರಕಾರ, ಈಕಾರದ ಚಿಹ್ನೆ. ಈ ಆರನ್ನು ಕೂಡಿಸಿ ಒಂದು ಆಕೃತಿ ಮಾಡುವುದು ಬೇರೆಯೇ ಒಂದು ವಿದ್ಯೆ. ಸುದ್ದಿ ಓದುವ ಪರದೆಗಳಲ್ಲಿ ಅದು ಇಂದು ಸಹಜವಾಗಿ ನಡೆಯುತ್ತದೆ. ಅದಕ್ಕೆಂದೇ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವಿದೆ. ಆದರೆ ಕೊರೆಯುವ ಯಂತ್ರಗಳ ತಂತ್ರಾಂಶ ಬರೆದವರಲ್ಲಿ ಕೆಲವರು, ಅಕ್ಷರವೆಂದರೆ ಎಡದಿಂದ ಬಲಕ್ಕೆ ಒಂದೊಂದಾಗಿ ಜೋಡಿಸುವ ಇಟ್ಟಿಗೆ ಎಂದು ನಂಬಿದವರು. ಅವರನ್ನು ಬಯ್ದು ಫಲವಿಲ್ಲ, ಅವರ ಅಕ್ಷರಗಳು ಹಾಗೆಯೇ ಇವೆ.

ಇನ್ನೊಂದು ತೊಡಕು ಹೆಚ್ಚು ಆಳದ್ದು. ಅಚ್ಚಿನ ಅಕ್ಷರಕ್ಕೆ ಎರಡು ಅಂಚುಗಳಿರುತ್ತವೆ. ಉಳಿಗೆ ಬೇಕಾದದ್ದು ನಡುವಿನ ಒಂದೇ ಜಾಡು. 1967ರಲ್ಲಿ ಅಮೆರಿಕದ ಡಾಲ್ಗ್ರೆನ್ ನೌಕಾ ಪ್ರಯೋಗಾಲಯದ ಅಲೆನ್ ಹರ್ಷಿ ಎಂಬ ವಿಜ್ಞಾನಿ, ಲೇಖನಿಯಂತೆ ಗೆರೆ ಎಳೆಯುವ ಯಂತ್ರಗಳಿಗಾಗಿ ಬರಿಯ ರೇಖೆಗಳ ಅಕ್ಷರಮಾಲೆಯನ್ನು ಸಿದ್ಧಪಡಿಸಿದರು. ಹವ್ಯಾಸಿಗಳು ಇಂದಿಗೂ ಅದನ್ನೇ ಬಳಸುತ್ತಾರೆ. ರೋಮನ್, ಗ್ರೀಕ್, ರಷ್ಯನ್, ಜಪಾನಿ ಅಕ್ಷರಗಳು ಅದರಲ್ಲಿದ್ದುವು. ಭಾರತದ ಯಾವ ಲಿಪಿಯೂ ಇರಲಿಲ್ಲ. ಕನ್ನಡಕ್ಕೆ ಅಂಥದೊಂದನ್ನು ನಾನೇ ಮಾಡಿಕೊಳ್ಳಬೇಕಾಯಿತು.

ಲೆಕ್ಕದಿಂದ ಲೋಹ ಕೊರೆಯುವ ವಿದ್ಯೆಯಾದರೂ ಬಹಳ ಹಳೆಯದಲ್ಲ. ಎರಡನೆಯ ಮಹಾಯುದ್ಧದ ಸುಮಾರಿಗೆ ಮಿಚಿಗನ್ ಸಂಸ್ಥಾನದ ಜಾನ್ ಪಾರ್ಸನ್ಸ್ ಎಂಬಾತ ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದ್ದಾಗ, ಅದರ ಬಾಗನ್ನು ಬಿಂದುಬಿಂದುವಾಗಿ ಲೆಕ್ಕ ಹಾಕಿ, ಯಂತ್ರವನ್ನು ಆ ಬಿಂದುಗಳಿಗೆ ಒಯ್ಯುವ ಉಪಾಯ ಕಂಡುಕೊಂಡ. ಅದರಿಂದ ಬೆಳೆದ ಯಂತ್ರವನ್ನು 1952ರಲ್ಲಿ ಎಂ.ಐ.ಟಿ. ವಿದ್ಯಾಸಂಸ್ಥೆ ಲೋಕಕ್ಕೆ ತೋರಿಸಿತು. ರಂಧ್ರಗಳಿದ್ದ ಕಾಗದದ ಪಟ್ಟಿಯೇ ಅದರ ಗುರು. ಅಪ್ಪಣೆ ಬರೆಯಲು ಒಂದು ಭಾಷೆಯನ್ನೇ ಕಟ್ಟಿ, 1959ರಲ್ಲಿ ಅದನ್ನು ಪ್ರಕಟಪಡಿಸಿದಾಗ, ಯಂತ್ರ ಕೊರೆದ ಅಲ್ಯುಮಿನಿಯಮ್ ಬೂದಿಬಟ್ಟಲನ್ನು ಪತ್ರಕರ್ತರಿಗೆ ಹಂಚಿದರಂತೆ. ಅಷ್ಟು ದೊಡ್ಡ ಬುದ್ಧಿಯ ಮೊದಲ ಪ್ರಸಾದ ಸಿಗರೇಟಿನ ಬೂದಿಗೆ! ನಮ್ಮಲ್ಲಿ 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು, 1962ರಲ್ಲಿ ತುಮಕೂರು ರಸ್ತೆಯ ಯಂತ್ರೋಪಕರಣ ಸಂಶೋಧನ ಸಂಸ್ಥೆ ಬಂದಿತು. ಹಳ್ಳಿಯ ಉಪಾಧ್ಯಾಯನೊಬ್ಬನ ಕೊಟ್ಟಿಗೆಗೆ ಈ ವಿದ್ಯೆ ಇಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ ‘ಜಿ.ಆರ್.ಬಿ.ಎಲ್.’ ಎಂಬ ನಿಯಂತ್ರಕ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿಕೊಳ್ಳಿರೆಂದು ಬಿಟ್ಟುಕೊಟ್ಟರು. ಅದು ನಡೆಯುವ ಚಿಪ್ಪಿನ ಸ್ಮೃತಿ 2 ಕಿಲೋಬೈಟು ಮಾತ್ರ. ಈ ಲೇಖನದ ಒಂದು ದೊಡ್ಡ ಪ್ಯಾರಾ ಕೂಡ ಅದರಲ್ಲಿ ಹಿಡಿಸದು. ಆದರೂ ಅದು ಮುಂದಿನ ಕೆಲವು ಗೆರೆಗಳನ್ನು ಮೊದಲೇ ನೋಡಿಕೊಂಡು, ತಿರುವು ಬರುವ ಮುನ್ನ ವೇಗ ತಗ್ಗಿಸುತ್ತದೆ.

ಇನ್ನು ಬಾಗಿದ ಗೆರೆಯ ಮಾತು. ಫ್ರಾನ್ಸಿನ ಸಿಟ್ರೊಯೆನ್ ಕಾರಖಾನೆಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿ ಇದಕ್ಕೊಂದು ಸೊಗಸಾದ ದಾರಿ ಕಂಡ. ಅದನ್ನು ಕಾರಖಾನೆ ಗುಟ್ಟಾಗಿಟ್ಟಿದ್ದರಿಂದ, ಅದೇ ಗೆರೆಗಳನ್ನು ರೆನೊ ಕಾರಖಾನೆಯಲ್ಲಿ ತಾನಾಗಿ ಕಂಡು ಪ್ರಕಟಿಸಿದ ಪಿಯರ್ ಬೆಝಿಯೆಯ ಹೆಸರೇ ಅವಕ್ಕೆ ನಿಂತಿತು. ದಾರಿ ಸುಲಭ. ನಾಲ್ಕು ಚುಕ್ಕಿಗಳನ್ನಿಡಿ. ಅಕ್ಕಪಕ್ಕದವುಗಳ ನಡುಬಿಂದು ಹಿಡಿಯಿರಿ, ಮೂರಾದುವು; ಅವುಗಳ ನಡುಬಿಂದು, ಎರಡು; ಮತ್ತೊಮ್ಮೆ, ಒಂದು. ಆ ಒಂದು ಬಿಂದು ಗೆರೆಯ ಮೇಲಿರುತ್ತದೆ. ಗೆರೆ ಅಲ್ಲಿ ಎರಡಾಗುತ್ತದೆ, ಒಂದೊಂದು ಅರ್ಧಕ್ಕೂ ಮತ್ತೆ ಇದೇ ಲೆಕ್ಕ. ಚುಕ್ಕಿ ರಂಗೋಲಿ ಇಡುವ ಹೆಣ್ಣುಮಕ್ಕಳು ಚುಕ್ಕಿಯನ್ನು ಬಳಸಿ ಗೆರೆಯನ್ನು ಬಾಗಿಸುವುದನ್ನು ನೋಡಿದ ನನ್ನ ವಿದ್ಯಾರ್ಥಿಗಳಿಗೆ ಇದು ತಟ್ಟನೆ ತಿಳಿಯುತ್ತದೆ.

ಯಂತ್ರ ಕೊನೆಗೆ ಎಳೆಯುವುದು ನೇರ ತುಂಡುಗಳನ್ನೇ. 20 ಮಿಲಿಮೀಟರ್ ತ್ರಿಜ್ಯದ ಒಂದು ‘ರ’ಕಾರದ ಹೊಟ್ಟೆಯನ್ನು ಸುಮಾರು 70 ನೇರ ಗೆರೆಗಳಾಗಿ ಒಡೆದರೆ, ನಿಜವಾದ ವೃತ್ತಕ್ಕೂ ಅದಕ್ಕೂ ಇರುವ ಅಂತರ ಮಿಲಿಮೀಟರಿನ ನೂರನೆಯ ಎರಡು ಪಾಲು. ಮರದ ನಾರೇ ಅದಕ್ಕಿಂತ ಒರಟು.

ಗಣಿತ ಇಷ್ಟಕ್ಕೆ ಒಲಿಯಿತು. ಅಕ್ಷರ ಒಲಿಯಲಿಲ್ಲ. ನಮ್ಮ ವ್ಯಂಜನಗಳು 34, ಒತ್ತುಗಳೂ ಅಷ್ಟೇ. ಗುಡಿಸು, ಕೊಂಬು, ಏತ್ವಗಳನ್ನು ಸೇರಿಸಿದರೆ ಮುಗಿಯಿತೆಂದು ಪಟ್ಟಿ ಹೇಳುತ್ತದೆ. ಆದರೆ ಗುಡಿಸು ಬಂದಾಗ ತಲೆಕಟ್ಟು ತಾನಾಗಿ ತೊಲಗಬೇಕು. ‘ಕು’ವಿನ ಕೊಂಬು ಬಲಕ್ಕೆ ನಿಂತರೆ, ‘ಪು’, ‘ವು’ಗಳಲ್ಲಿ ಅದು ಅಡಿಯಿಂದ ಹೊರಡಬೇಕು, ಇಲ್ಲವಾದರೆ ‘ವು’ ಹೋಗಿ ‘ಮ’ವಾದೀತು. ‘ದ’, ‘ಧ’, ‘ಥ’ಗಳ ಭೇದವೆಲ್ಲ ಒಂದು ಸೀಳು, ಒಂದು ಚುಕ್ಕಿ. ಕಾಗದದಲ್ಲಿ ಶಾಯಿ ಹರಡಿದರೂ ಓದುಗ ಊಹಿಸಿಕೊಳ್ಳುತ್ತಾನೆ. ಸಾಗುವಾನಿಯಲ್ಲಿ 2 ಮಿಲಿಮೀಟರ್ ತಪ್ಪಿದರೆ ತಪ್ಪಿಯೇ ಹೋಯಿತು.

ಆಗ ಹೊನ್ನಾಳಿಯ ಆಚಾರ್ರೊಬ್ಬರ ಬಳಿಗೆ ಹೋದೆ. ಬಾಗಿಲವಾಡ, ತೊಟ್ಟಿಲು, ದೇವರ ಮಂಟಪ ಮಾಡುವ ಮನೆತನ. ಫಲಕದ ಅಕ್ಷರ ಕೊರೆಯುವುದರಲ್ಲಿ ಅವರ ತಂದೆಗೆ ಹೆಸರಿತ್ತಂತೆ. ನನ್ನ ಯಂತ್ರ ಕೊರೆದ ಒಂದು ಮಾದರಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ‘ನಿಮ್ ಮಿಷನ್ ಕೊರೀತೈತ್ರಿ ಮೇಷ್ಟ್ರೇ, ಬರಿಯಂಗಿಲ್ಲ’ ಎಂದರು. ಹಾಗೆಂದರೇನೆಂದು ಕೇಳಿದಾಗ, ಪೆನ್ಸಿಲ್ ತೆಗೆದುಕೊಂಡು ಹಲಗೆಯ ಮೇಲೆ ‘ರ’ ಬರೆದು ತೋರಿಸಿದರು. ‘ಮೊದ್ಲು ಹೊಟ್ಟಿ, ಆಮ್ಯಾಲೆ ತಲಿ.’ ಹೊಟ್ಟೆಯ ತಳದಲ್ಲಿ ಕೈ ಭಾರವಾಗುತ್ತಿತ್ತು, ಮೇಲೇರುವಾಗ ಹಗುರವಾಗುತ್ತಿತ್ತು. ತಲೆಕಟ್ಟಿನ ತುದಿಯಲ್ಲಿ ಗೆರೆ ತೆಳುವಾಗಿ ಮೇಲಕ್ಕೆ ಜಾರಿ ನಿಲ್ಲುತ್ತಿತ್ತು. ನನ್ನ ಯಂತ್ರ ಎಲ್ಲ ಕಡೆಯೂ ಒಂದೇ ಆಳಕ್ಕೆ ಕೊರೆದಿತ್ತು.

ಆಳ ಮತ್ತು ಅಗಲ ಬೇರೆ ಬೇರೆಯಲ್ಲವೆಂಬುದು ಇಲ್ಲಿನ ಕೀಲು. ಶಾಸನದ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದವರಿಗೆ ಗೊತ್ತು: ಉಳಿ ಎರಡು ಬದಿಯಿಂದ ಬಂದು ನಡುವೆ ಕೂಡುವುದರಿಂದ, ಕಚ್ಚು ಕೆಳಗೆ ಚೂಪಾಗಿರುತ್ತದೆ. ಯಂತ್ರಕ್ಕೂ ಅಂಥ ಚೂಪು ಬಿಟ್ಟು ಸಿಗುತ್ತದೆ. 60 ಡಿಗ್ರಿಯ ಬಿಟ್ಟಿನಲ್ಲಿ 6 ಮಿಲಿಮೀಟರ್ ಅಗಲದ ಗೆರೆ ಬೇಕಾದರೆ ಸುಮಾರು 5.2 ಮಿಲಿಮೀಟರ್ ಇಳಿಯಬೇಕು. ಗೆರೆ ತೆಳುವಾದಂತೆ ಬಿಟ್ಟು ಮೇಲೇಳಬೇಕು. ಆಚಾರ್ರ ಕೈಯ ಭಾರವೆಲ್ಲ ಹೀಗೆ ಮೂರನೆಯ ಅಕ್ಷದ ಲೆಕ್ಕವಾಯಿತು. ಅವರು ಬರೆದ ಒಂದೊಂದು ಅಕ್ಷರವನ್ನೂ ಅದೇ ಕ್ರಮದಲ್ಲಿ, ಆರಂಭ, ಭಾರ, ಎತ್ತುವ ಜಾಗ ಸಹಿತವಾಗಿ ಗುರುತು ಹಾಕಿಕೊಂಡೆ. ನಾರಿನ ದಿಕ್ಕಿಗೆ ಒಂದು ಬಾಣ ಎಳೆದು ಕೊಟ್ಟರು. ನಾರಿಗೆ ಅಡ್ಡ ಬಂದಾಗ ಮಿನಿಟಿಗೆ 900 ಮಿಲಿಮೀಟರಿನ ವೇಗ 500ಕ್ಕೆ ಇಳಿಯುವಂತೆ ತಂತ್ರಾಂಶದಲ್ಲಿ ಅದೊಂದು ಸಾಲಾಯಿತು. ಎರಡು ಸಾಲುಗಳ ನಡುವಿನ ಅಂತರಕ್ಕೆ ನಾನು ಒಂದು ಸಂಖ್ಯೆ ಇಟ್ಟಿದ್ದೆ. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಎಲ್ಲಿ ಎದುರಾಗುತ್ತವೆಯೆಂದು ನೋಡಿಯೇ ಅವರು ಅಂತರ ಬಿಡುವುದನ್ನು ಕಂಡ ಮೇಲೆ, ಅದನ್ನೂ ಆಕೃತಿಯಿಂದಲೇ ಎಣಿಸುವಂತೆ ಮಾಡಿದೆ.

ಈ ಬಗೆಯ ಕೆಲಸಕ್ಕೆ ಕನ್ನಡದಲ್ಲಿ ಹಿರಿಯ ಮೇಲ್ಪಂಕ್ತಿಯಿದೆ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೋಮನ್ ಕೀಲಿಮಣೆಯ ಮೇಲೆ ನಮ್ಮ ವರ್ಣಮಾಲೆಯನ್ನು ಕೂರಿಸಿ, ಒತ್ತು ಬೇಕಾದಲ್ಲಿ ನಡುವೆ ‘ಎಫ್’ ಕೀಲಿಯೊಂದನ್ನು ಒತ್ತಿದರೆ ಸಾಕೆಂಬಷ್ಟು ಸರಳ ಮಾಡಿದರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಬಿಟ್ಟಿಯಾಗಿ ಕೊಟ್ಟರು. ಒತ್ತಕ್ಷರವೆಂಬುದು ರಾಶಿ ಆಕೃತಿಗಳ ಗಂಟಲ್ಲ, ಕೆಲವೇ ವರ್ಣಗಳ ಕೂಡಿಕೆ ಎಂಬ ಅವರ ತಿಳಿವೇ ನನ್ನ ಪಟ್ಟಿಗೂ ಆಧಾರ.

ಆಚಾರ್ರಿಗೆ ಇದರಿಂದ ಏನು ಬಂದಿತು ಎಂದು ಯಾರಾದರೂ ಕೇಳಬಹುದು, ನ್ಯಾಯವಾದ ಪ್ರಶ್ನೆ. ಬಾಗಿಲಿನ ಹೂಬಳ್ಳಿಯ ಕೆಲಸವನ್ನು ಯಂತ್ರಗಳು ಅವರಿಂದ ಆಗಲೇ ಕಿತ್ತುಕೊಂಡಿವೆ. ಎಲ್ಲಿಂದಲೋ ಇಳಿಸಿಕೊಂಡ ಒಂದೇ ನವಿಲು, ಒಂದೇ ಗಣಪತಿ, ಈಗ ಚನ್ನಗಿರಿಯಿಂದ ಜಗಳೂರಿನವರೆಗೆ ಬಾಗಿಲು ಬಾಗಿಲಲ್ಲೂ ಕುಳಿತಿದೆ. ಆ ನವಿಲನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮಾಡಿದ್ದು ನನ್ನಂಥ ಯಂತ್ರವೇ ಆದರೂ. ಅಕ್ಷರವನ್ನೂ ಹೀಗೆಯೇ ಕೊಡಬೇಕೋ ಬೇಡವೋ ಎಂದು ಆಚಾರ್ರು ಬಹಳ ದಿನ ಯೋಚಿಸಿದರು. ಕೊನೆಗೆ ಅವರೇ ಒಂದು ಕಟ್ಟು ಹಾಕಿದರು: ತಮ್ಮ ಅಕ್ಷರದಲ್ಲಿ ಕೊರೆದ ಹಲಗೆಯೆಲ್ಲ ತಮ್ಮ ಕೈಗೆ ಬಂದು, ಒಪ್ಪ ಮಾಡಿಸಿಕೊಂಡೇ ಹೋಗಬೇಕು, ಕೂಲಿಯಲ್ಲಿ ಅರ್ಧ ತಮ್ಮದು. ಅದರಂತೆ ನಡೆಯುತ್ತಿದೆ. ತಂತ್ರಾಂಶವನ್ನು ಕೇಳಿದವರಿಗೆಲ್ಲ ಕೊಡುತ್ತೇನೆ. ಆ ಅಕ್ಷರಗಳ ಕಡತವನ್ನು ಮಾತ್ರ ಅವರ ಅಪ್ಪಣೆಯಿಲ್ಲದೆ ಕೊಡುವುದಿಲ್ಲ.

ನ್ಯಾಮತಿಯ ಹೊಸ ಹಲಗೆಗೆ ಯಂತ್ರ 2 ಗಂಟೆ 10 ಮಿನಿಟು ತೆಗೆದುಕೊಂಡಿತು, ಆಚಾರ್ರ ಸಣ್ಣ ಉಳಿ ಇನ್ನೊಂದು ಬೆಳಗನ್ನು. ಒತ್ತು ಅಡಿಯಲ್ಲಿಯೂ ಅರ್ಕಾವೊತ್ತು ತನ್ನ ಸ್ಥಾನದಲ್ಲಿಯೂ ಕುಳಿತುವು. ಮುದುಕಿ ಹೆಸರಿನ ಮೇಲೆ ಹೆಬ್ಬೆರಳಾಡಿಸಿ ಓದಿಕೊಂಡರು.

ಈಗ ಜಗಳೂರಿನ ಕಡೆಯ ಒಂದು ಹಳ್ಳಿಯಿಂದ ಶಾಲೆಯ ಪುಸ್ತಕದ ಕೋಣೆಗೆಂದು ಬೇವಿನ ಹಲಗೆ ಬಂದಿದೆ. ‘ಗ್ರಂಥಾಲಯ’ ಎಂದು ಕೊರೆಯಬೇಕು. ‘ಥ’ಕಾರದ ಹೊಟ್ಟೆಯ ಚುಕ್ಕಿ ಎಷ್ಟು ಆಳವಿರಬೇಕೆಂಬ ವಿಷಯದಲ್ಲಿ ನನಗೂ ಆಚಾರ್ರಿಗೂ ಒಮ್ಮತವಿಲ್ಲ. ಹಲಗೆ ಇನ್ನೂ ಹಸಿ. ಅದು ಆರುವವರೆಗೆ ವಾದಕ್ಕೆ ಸಮಯವಿದೆ.