ಕೇಸು ಮುಗಿಯಿತು, ಕಾಗದ ಎಲ್ಲಿ?

ಗಂಡ ಹೆಂಡಿರ ಕೇಸು ಮುಗಿದ ದಿನ ಅದರ ಕಾಗದಪತ್ರದ ಮೇಲೆ ಯಾರಿಗೂ ಲಕ್ಷ್ಯವಿರುವುದಿಲ್ಲ. ಮನೆ ಸೇರಿದರೆ ಸಾಕು ಅನ್ನಿಸಿರುತ್ತದೆ. ಕಾಗದ ಬೇಕಾಗುವುದು ವರ್ಷಗಳಾದ ಮೇಲೆ: ಮರುಮದುವೆಯ ನೋಂದಣಿಗೆ, ಪಾಸ್‌ಪೋರ್ಟಿಗೆ, ನಿಂತುಹೋದ ಜೀವನಾಂಶದ ವಸೂಲಿಗೆ, ಕೊನೆಗೆ ಪೌತಿ ಖಾತೆಗೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಕೊನೆಯದು ಹಗುರವಾದ ಸಂಗತಿಯಲ್ಲ. ಬೆಂಗಳೂರು ಬೆಳೆದು ಹತ್ತಿರ ಬಂದಷ್ಟೂ ಜಮೀನಿನ ಬೆಲೆ ಏರಿದೆ, ವಂಶವೃಕ್ಷದಲ್ಲಿ ಯಾರ ಹೆಸರಿರಬೇಕು ಎಂಬ ಜಗಳವೂ ಬಲಿತಿದೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 1ರಂದು, ಅಸಿಂಧು ಮದುವೆಯಲ್ಲಿ ಹುಟ್ಟಿದ ಮಕ್ಕಳಿಗೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಯ ಪಾಲಿಗೆ ಬರುವಷ್ಟರ ಮೇಲೆ ಹಕ್ಕಿದೆ ಎಂದಿತು. ಮಕ್ಕಳ ಪ್ರಶ್ನೆ ಹಾಗೆ ಬಗೆಹರಿದರೂ, ಎರಡನೆಯ ಹೆಂಡತಿ ವಿಧವೆಯಾಗಿ ಪಾಲು ಕೇಳಬಹುದೇ ಎಂಬುದು ಮೊದಲ ಮದುವೆ ಯಾವ ತಾರೀಕಿಗೆ ರದ್ದಾಯಿತು ಎಂಬುದರ ಮೇಲೇ ನಿಂತಿರುತ್ತದೆ. ಆ ತಾರೀಕು ಯಾವುದೋ ಹಳೆಯ ಕಡತದಲ್ಲಿದೆ. ಆ ಕಡತವನ್ನು ಕಾನೂನು ಕಕ್ಷಿದಾರರಿಂದ ಬಚ್ಚಿಟ್ಟಿಲ್ಲ. ಯಾವ ಕೋರ್ಟು, ಯಾವ ನಂಬರು ಎಂದು ಅವರಿಗೆ ತಿಳಿಹೇಳಿ ಕಳಿಸುವ ಕೆಲಸ ಯಾರದ್ದೂ ಆಗಿಲ್ಲದಿರುವುದೇ ತೊಂದರೆಯ ಮೂಲ ಎಂಬುದು ನನ್ನ ವಾದ.

ಮೊದಲು ಯಾವ ಕೋರ್ಟು ಎಂಬುದನ್ನೇ ತೆಗೆದುಕೊಳ್ಳೋಣ. ‘ಫ್ಯಾಮಿಲಿ ಕೋರ್ಟು’ ಎಂದು ಜನ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ಇಂಥ ಕೋರ್ಟು ಕಡ್ಡಾಯ ಎಂದಿತು, ಉಳಿದೆಡೆ ಅಗತ್ಯ ಕಂಡಲ್ಲಿ ಸ್ಥಾಪಿಸುವುದನ್ನು ರಾಜ್ಯ ಸರ್ಕಾರಕ್ಕೆ ಬಿಟ್ಟಿತು. ಕುಟುಂಬ ನ್ಯಾಯಾಲಯ ಇಲ್ಲದ ತಾಲ್ಲೂಕುಗಳಲ್ಲಿ ವಿಚ್ಛೇದನದ ಅರ್ಜಿ ನಡೆಯುವುದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ. ಜೀವನಾಂಶದ್ದು, ಕೌಟುಂಬಿಕ ದೌರ್ಜನ್ಯದ್ದು ಮ್ಯಾಜಿಸ್ಟ್ರೇಟರ ಮುಂದೆ ನಡೆದಿರಬಹುದು. ಹೀಗಾಗಿ ಒಂದೇ ಸಂಸಾರದ ಮೂರು ಕೇಸುಗಳ ಕಡತ ಮೂರು ಕಡೆ ಇರುವುದು ಅಪರೂಪವೇನಲ್ಲ. ಇದಕ್ಕೆ ಊರಿನ ಪ್ರಶ್ನೆಯೂ ಸೇರುತ್ತದೆ. ಮಾಗಡಿಯ ಹುಡುಗಿ, ಚನ್ನಪಟ್ಟಣದ ಹುಡುಗ, ಮದುವೆ ಕನಕಪುರದ ಛತ್ರದಲ್ಲಿ, ಸಂಸಾರ ಬೆಂಗಳೂರಿನಲ್ಲಿ ಎಂದುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ 19ನೇ ಕಲಮಿನಂತೆ ಮದುವೆ ನಡೆದ ಜಾಗ, ಎದುರುಗಾರ ವಾಸವಿರುವ ಜಾಗ, ಕೊನೆಗೆ ಇಬ್ಬರೂ ಒಟ್ಟಿಗಿದ್ದ ಜಾಗ, ಅರ್ಜಿದಾರಳು ಹೆಂಡತಿಯಾದರೆ ಅವಳು ಈಗಿರುವ ಜಾಗ, ಇವುಗಳಲ್ಲಿ ಎಲ್ಲಿ ಬೇಕಾದರೂ ಅರ್ಜಿ ಹಾಕಬಹುದು. ಅಂದರೆ ನಾಲ್ಕೂ ಊರುಗಳಲ್ಲಿ ಹುಡುಕಬೇಕಾದೀತು. ಜಿಲ್ಲೆಯ ಹೆಸರು ಬದಲಾದ ಕಥೆ ಬೇರೆ: ಈ ತಾಲ್ಲೂಕುಗಳು 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಬೆಂಗಳೂರು ದಕ್ಷಿಣ ಎನಿಸಿಕೊಂಡವು. ಹಳೆಯ ಆದೇಶದ ತಲೆಬರಹದಲ್ಲಿ ಬೇರೆ ಜಿಲ್ಲೆಯ ಹೆಸರಿದೆಯೆಂದು ಗಾಬರಿಯಾಗಬೇಕಿಲ್ಲ. ಕೋರ್ಟಿನ ಹೆಸರು ನೋಡಬೇಕು.

ಇನ್ನು ನಂಬರು. ವಿಚ್ಛೇದನಕ್ಕೆ ಎಂ.ಸಿ., ಜೀವನಾಂಶಕ್ಕೆ ಕ್ರಿಮಿನಲ್ ಮಿಸಲೇನಿಯಸ್, ಮಕ್ಕಳ ಪೋಷಕತ್ವಕ್ಕೆ ಜಿ. ಅಂಡ್ ಡಬ್ಲ್ಯೂ.ಸಿ. ಎಂದು ಕೇಸಿನ ಬಗೆ ಮೊದಲು, ಅದರ ಹಿಂದೆ ಸಂಖ್ಯೆ ಮತ್ತು ವರ್ಷ. ಹೊಸದಾಗಿ ಕುಟುಂಬ ನ್ಯಾಯಾಲಯ ಬಂದರೆ ಬಾಕಿ ಕೇಸುಗಳು ಅಲ್ಲಿಗೆ ವರ್ಗವಾಗಬೇಕೆಂದು ಕುಟುಂಬ ನ್ಯಾಯಾಲಯಗಳ ಕಾಯ್ದೆಯ 8ನೇ ಕಲಂ ಹೇಳುವುದರಿಂದ ಹಳೆಯ ನಂಬರು ನಡುದಾರಿಯಲ್ಲಿ ಬದಲಾಗಿರಲೂಬಹುದು. ಈಗ ಎಲ್ಲವೂ ಮೊಬೈಲಿನಲ್ಲೇ ಇದೆಯಲ್ಲ ಎಂಬುದು ಇಲ್ಲಿ ಬರುವ ಮೊದಲ ಆಕ್ಷೇಪ. ಅರ್ಧ ನಿಜ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇದೆ, ಅದು ಗೊತ್ತಿದ್ದರೆ ಕೇಸಿನ ಜಾತಕ ಕ್ಷಣದಲ್ಲಿ ಸಿಗುತ್ತದೆ. ಗೊತ್ತಿಲ್ಲದವರು ಹೆಸರು, ವರ್ಷ ಹಾಕಿ ಹುಡುಕಬೇಕು. ಲಕ್ಷ್ಮಮ್ಮ, ಪುಟ್ಟಲಕ್ಷ್ಮಮ್ಮ, ಲಕ್ಷ್ಮೀದೇವಮ್ಮ ಎಂದು ಒಬ್ಬಳೇ ಹೆಂಗಸಿಗೆ ಆಧಾರಿನಲ್ಲೊಂದು, ಪಹಣಿಯಲ್ಲೊಂದು, ವಕಾಲತ್ತಿನಲ್ಲೊಂದು ಹೆಸರಿರುವ ನಾಡಿನಲ್ಲಿ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಗುಮಾಸ್ತರು ಹೇಗೆ ಟೈಪ್ ಮಾಡಿದ್ದಾರೋ ಬಲ್ಲವರಾರು? ಗಣಕಕ್ಕೆ ಏರದ ಹಳೆಯ ಕೇಸುಗಳಿಗಂತೂ ಕೋರ್ಟಿನ ರಿಜಿಸ್ಟರೇ ಗತಿ.

ಕೋರ್ಟು, ನಂಬರು ಎರಡೂ ಸಿಕ್ಕವರಿಗೆ ಮುಂದಿನ ದಾರಿ ಕಷ್ಟದ್ದಲ್ಲ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಡಬೇಕು. ಕೇಸಿನ ನಂಬರು, ಕಕ್ಷಿದಾರರ ಹೆಸರು, ವಿಲೇವಾರಿಯ ತಾರೀಕು, ಯಾವ ಕಾಗದದ ನಕಲು ಬೇಕು ಎಂಬುದನ್ನು ಬರೆದು ಶುಲ್ಕ ಕಟ್ಟಬೇಕು. ಎಡವುವುದು ‘ಯಾವ ಕಾಗದ’ ಎಂಬಲ್ಲಿ. ಡಿಕ್ರಿ ಎಂದರೆ ಮದುವೆ ರದ್ದಾಯಿತು ಎಂಬ ಚಿಕ್ಕ ಆದೇಶ. ಯಾಕೆ ರದ್ದಾಯಿತು ಎಂಬುದು ತೀರ್ಪಿನಲ್ಲಿದೆ. ಒಡವೆ ಯಾರಿಗೆ, ಮಗು ಯಾರ ಹತ್ತಿರ ಎಂಬ ಒಪ್ಪಂದ, ಪರಸ್ಪರ ಒಪ್ಪಿಗೆಯ ಕೇಸಾದರೆ ಜಂಟಿ ಅರ್ಜಿಯಲ್ಲೋ ಜಂಟಿ ಮೆಮೊದಲ್ಲೋ ಇರುತ್ತದೆ. ಮೂರನ್ನೂ ಕೇಳದಿದ್ದರೆ ಮತ್ತೊಮ್ಮೆ ಬರಬೇಕಾಗುತ್ತದೆ. ಕೈಗೆ ಬಂದ ನಕಲಿನಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ತಾರೀಕುಗಳನ್ನು ಮೊಹರಿನೊಂದಿಗೆ ನಮೂದಿಸಿರುತ್ತಾರೆ. ಅದು ಬರೀ ಆಫೀಸಿನ ಶಾಸ್ತ್ರವಲ್ಲ. ನಕಲು ಪಡೆಯಲು ಹಿಡಿದ ಕಾಲವನ್ನು ಮೇಲ್ಮನವಿಯ ಗಡುವಿನಿಂದ ಕಳೆಯಬೇಕೆಂದು 1963ರ ಕಾಲಪರಿಮಿತಿ ಕಾಯ್ದೆ ಹೇಳುತ್ತದೆ. ಲೆಕ್ಕ ಹಾಕುವುದು ಆ ತಾರೀಕುಗಳಿಂದಲೇ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತು: ವಿಚ್ಛೇದನದ ಡಿಕ್ರಿಯ ಪ್ರತಿಯನ್ನು ಇಬ್ಬರಿಗೂ ಬಿಟ್ಟಿಯಾಗಿ ಕೊಡಬೇಕೆಂದು ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನ 4ನೇ ಉಪಕಲಮಿನಲ್ಲೇ ಇದೆ. ಜೀವನಾಂಶದ ಆದೇಶದ ಪ್ರತಿ ಅದನ್ನು ಗೆದ್ದವರಿಗೆ ಉಚಿತ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಆದೇಶದ ಪ್ರತಿಯೂ ಕಕ್ಷಿದಾರರಿಗೆ ಉಚಿತ.

ಇಷ್ಟು ಸಲೀಸು ಮಾಡಿದರೆ ಮನೆಯ ಮಾನ ಬೀದಿಗೆ ಬರುವುದಿಲ್ಲವೇ? ಇದು ಗಟ್ಟಿಯಾದ ಆಕ್ಷೇಪ. ಅಮೆರಿಕದ ಬಹಳಷ್ಟು ಕೌಂಟಿಗಳಲ್ಲಿ ಯಾರದೋ ವಿಚ್ಛೇದನದ ಕಡತವನ್ನು ಮತ್ಯಾರೋ ತೆಗೆಸಿ ನೋಡಬಹುದು. ನಮ್ಮಲ್ಲಿ ಹಾಗಿಲ್ಲ, ಇರಲೂಬಾರದು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನಂತೆ ಈ ಕೇಸುಗಳ ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು, ಕಲಾಪವನ್ನು ಅಚ್ಚು ಹಾಕುವಂತಿಲ್ಲ. ಇತ್ತೀಚೆಗೆ ಆ ಕಡತದೊಳಗೆ ಸಂಬಳ, ಸಾಲ, ಬ್ಯಾಂಕಿನ ವಿವರವೂ ಸೇರಿಕೊಂಡಿದೆ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ-ಹೊಣೆಯ ಪ್ರಮಾಣಪತ್ರ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. ಹೊರಗಿನವರು ನಕಲು ಬೇಡಿದರೆ ಕಾರಣ ತಿಳಿಸಿ ಅಫಿಡವಿಟ್ ಕೊಟ್ಟು ಕೋರ್ಟಿನ ಒಪ್ಪಿಗೆ ಪಡೆಯಬೇಕಾಗುವುದು ಇದಕ್ಕೇ. ಮಾಹಿತಿ ಹಕ್ಕಿನ ಹಿಂಬಾಗಿಲೂ ಇಲ್ಲ: ಕೋರ್ಟಿನ ನಕಲನ್ನು ಕೋರ್ಟಿನ ನಿಯಮದಂತೆಯೇ ಪಡೆಯಬೇಕು ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಆದರೆ ಹೊರಗಿನವರಿಗೆ ಹಾಕಿದ ಈ ಬೀಗ ಮನೆಯವರಿಗೇ ಅಡ್ಡವಾಗಬೇಕಿಲ್ಲ. ನಮ್ಮ ಹೈಕೋರ್ಟಿನಲ್ಲಿ 2017ರ ಜನವರಿಯಲ್ಲಿ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು, ಮದುವೆಯ ವ್ಯಾಜ್ಯವೊಂದರ ಆದೇಶದಲ್ಲಿದ್ದ ಹೆಣ್ಣುಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಸಿಗದಂತೆ ರಿಜಿಸ್ಟ್ರಿ ನೋಡಿಕೊಳ್ಳಬೇಕೆಂದರು. ಜೊತೆಗೇ, ದೃಢೀಕೃತ ನಕಲಿನಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಹೇಳಿದರು. ಗೌಪ್ಯತೆ ಮತ್ತು ದಾಖಲೆ ಒಂದರ ಕತ್ತು ಇನ್ನೊಂದು ಹಿಸುಕದೆ ಇರಬಹುದು ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಡ.

ಹಾಗಾದರೆ ಹೆಣ್ಣು ಕೊಡುವವರು ಗಂಡಿನ ಹಿಂದಿನ ಮದುವೆ ಮುರಿದದ್ದು ನಿಜವೋ ಸುಳ್ಳೋ ಎಂದು ಪತ್ತೆ ಮಾಡುವುದು ಹೇಗೆ? ಗಂಡನ್ನೇ ಕೇಳಿ. ಡಿಕ್ರಿಯ ಪ್ರತಿ ಕಾನೂನಿನಂತೆ ಅವನ ಕೈಗೆ ಪುಕ್ಕಟೆ ಬಂದಿರಬೇಕು. ತೋರಿಸಲು ಹಿಂದೆಮುಂದೆ ನೋಡುವವನಿಗೆ ಮಗಳನ್ನು ಕೊಡುವ ಅವಸರವೇನು? ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಹಾಕಿಸಿದ ‘ವಿಚ್ಛೇದನ ಪತ್ರ’ ತೋರಿಸಿದರೆ ಎಚ್ಚರ. ರೂಢಿಯ ಬಿಡುಗಡೆಯನ್ನು ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ಉಳಿಸಿದೆ ನಿಜ, ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿದೆ ಎಂದು ರುಜುವಾತು ಮಾಡಬೇಕಾದ ಹೊಣೆ ಹೇಳಿದವರದು. ಇಂಥ ಬಿಡುಗಡೆಗಳ ಕಡತವನ್ನು ಯಾವ ರೆಕಾರ್ಡ್ ರೂಮಿನಲ್ಲಿ ತಡಕಿದರೂ ಸಿಗದು, ಏಕೆಂದರೆ ಕೇಸೇ ನಡೆದಿರುವುದಿಲ್ಲ.

ಎಲ್ಲಾ ವಕೀಲರೇ ನೋಡಿಕೊಳ್ಳುತ್ತಾರೆ ಎಂಬ ಸಮಾಧಾನವೂ ಹೆಚ್ಚು ದಿನ ನಡೆಯುವುದಿಲ್ಲ. ವಕೀಲರು ಕಚೇರಿ ಬದಲಿಸುತ್ತಾರೆ, ನಿವೃತ್ತರಾಗುತ್ತಾರೆ. ಕೋರ್ಟೂ ಎಲ್ಲ ಕಾಗದವನ್ನು ಸದಾಕಾಲ ಇಟ್ಟುಕೊಳ್ಳುವುದಿಲ್ಲ. ತೀರ್ಪು, ಡಿಕ್ರಿ ಹೆಚ್ಚು ಕಾಲ ಉಳಿದರೂ ಮಿಕ್ಕವನ್ನು ಗೊತ್ತುಮಾಡಿದ ಅವಧಿ ಕಳೆದ ಮೇಲೆ ನಾಶಪಡಿಸಲು ನಿಯಮಗಳಿವೆ. ಆದ್ದರಿಂದ ತೀರ್ಪಿನ ದಿನವೇ ಕೋರ್ಟಿನ ಹೆಸರು, ಕೇಸಿನ ನಂಬರು, ಸಿ.ಎನ್.ಆರ್., ತಾರೀಕು ಇಷ್ಟನ್ನು ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನು, ಉಚಿತ ಪ್ರತಿಯ ಜೊತೆಗೆ ಇಬ್ಬರ ಕೈಗೂ ಕೊಡುವ ಪದ್ಧತಿ ಬರಬೇಕು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಜಿಲ್ಲಾ ನ್ಯಾಯಾಧೀಶರ ಒಂದು ಸುತ್ತೋಲೆ ಸಾಕು. ಅದು ಬರುವವರೆಗೆ ಕಕ್ಷಿದಾರರೇ ಬರೆದಿಟ್ಟುಕೊಳ್ಳುವುದು ಕ್ಷೇಮ. ನಂಬರು ಕಳೆದುಕೊಂಡ ಹೆಂಗಸರು ದಲ್ಲಾಳಿಗಳ ಹಿಂದೆ ಹೋಗಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಕೋರ್ಟಿನ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.